ಪ್ರೊಸೆಸರ್ ಬದಲಿಸಲು ಹೋಗಿ ಚಾಲಿ ಧೂಳು ತೆಗೆಸಿಕೊಂಡು ಬಂದೆ: ಗೇಮಿಂಗ್ ಲ್ಯಾಪ್‌ಟಾಪ್, ಆರು ವರ್ಷದ ನಂತರ

2019ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ತಂದದ್ದು. ಇಂಟೆಲ್ ಐ5-9300ಎಚ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಚಿಪ್ಪು, ಒಂದೇ ಕಡ್ಡಿಯಲ್ಲಿ 8 ಜಿಬಿ ರ‍್ಯಾಮ್. 62 ಸಾವಿರ ಕೊಟ್ಟಿದ್ದೆ. ಕಂಪನಿಯ ಹೆಸರು ಬೇಡ. ಆಗ ಇದೇ ಜೋಡಿಯನ್ನು ಹಲವು ಕಂಪನಿಗಳು ಮಾರುತ್ತಿದ್ದವು, ಹಾಗಾಗಿ ಇಲ್ಲಿ ಹೇಳುವ ಮುಕ್ಕಾಲು ಪಾಲು ನಿಮ್ಮದಕ್ಕೂ ಹೊಂದೀತು.

ಮೂರು ವರ್ಷ ಏನೂ ತಕರಾರಿಲ್ಲ. ಲಾಕ್‌ಡೌನಿನಲ್ಲಿ ಬೆಂಗಳೂರಿನ ಕೆಲಸವನ್ನು ಶಿರಸಿ ಪಕ್ಕದ ಮನೆಗೇ ಹೊತ್ತುಕೊಂಡು ಬಂದೆ. ಹಗಲು ಆಫೀಸು, ರಾತ್ರಿ ಜಿಟಿಎ 5, ವ್ಯಾಲೊರಂಟ್. 2023ರ ಬೇಸಿಗೆಯಲ್ಲಿ ಶುರುವಾಯಿತು ನೋಡಿ. ಆಟ ಹತ್ತು ನಿಮಿಷ ಸರಾಗ, ಆಮೇಲೆ ಮುಗ್ಗರಿಸುತ್ತದೆ. ಫ್ಯಾನು ಬೊಬ್ಬೆ ಹೊಡೆಯುತ್ತದೆ. ಪಕ್ಕದಿಂದ ಬರುತ್ತಿದ್ದ ಬಿಸಿಗಾಳಿಗೆ ಅಪ್ಪಯ್ಯ ಕೈ ಒಡ್ಡಿ, “ತಮಾ, ಇದ್ರ ಮುಂದೆ ಅಡಿಕೆ ಒಣಗ್ಸಲೆ ಆಗ್ತು” ಎಂದ.

ನಾನು ಮಾತ್ರ ತಪ್ಪೆಲ್ಲ ಪ್ರೊಸೆಸರಿನದೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ನಾಲ್ಕೇ ಕೋರು (ಒಳಗೆ ಲೆಕ್ಕ ಮಾಡುವ ಘಟಕ), ಹಳೆಯದಾಯಿತು, ಐ7 ಹಾಕಿಸಿದರೆ ಮುಗಿಯಿತು ಎಂದು ಲೆಕ್ಕ. ಡೆಸ್ಕ್‌ಟಾಪಿನಲ್ಲಿ ಮಾಡಿ ಗೊತ್ತಿತ್ತಲ್ಲ. ಸಾಕೆಟ್ಟಿನ ಸನ್ನೆ ಎತ್ತು, ತೆಗೆ, ಹೊಸದು ಕೂರಿಸು.

ಲ್ಯಾಪ್‌ಟಾಪಿನ ಕತೆ ಹಾಗಲ್ಲ. ಇಂಟೆಲ್ ತಾಣದಲ್ಲಿ ಈ ಪ್ರೊಸೆಸರಿನ ಪುಟ ತೆರೆದರೆ ಸಾಕೆಟ್ ಎಂಬಲ್ಲಿ ಎಫ್‌ಸಿಬಿಜಿಎ1440 ಎಂದಿದೆ. ಬಿಜಿಎ ಎಂದರೆ ಚಿಪ್ಪಿನ ಹೊಟ್ಟೆಯಡಿ ಸಾಲಾಗಿ ಬೆಸುಗೆಯ ಗುಂಡುಗಳು. ಮದರ್‌ಬೋರ್ಡಿಗೆ ಕರಗಿಸಿ ಅಂಟಿಸಿದ್ದು. ತೆಗೆದು ಹಾಕುವ ಮಾತಿಲ್ಲ. ಇಂಟೆಲ್‌ನ ನಾಲ್ಕನೇ ತಲೆಮಾರಿನಲ್ಲಿ ಎಂ, ಎಂಕ್ಯೂ ಎಂದು ಹೆಸರು ಮುಗಿಯುವವು ಸಾಕೆಟ್ಟಿನಲ್ಲಿ ಕೂರುತ್ತಿದ್ದವು. ಲೆನೊವೊ ಥಿಂಕ್‌ಪ್ಯಾಡ್ ಟಿ440ಪಿಗೆ ಜನ ಇವತ್ತಿಗೂ ನಾಲ್ಕು ಕೋರಿನ ಐ7 ಹಾಕಿಕೊಳ್ಳುವುದು ಅದಕ್ಕೇ. ಯು, ಎಚ್, ಎಚ್‌ಕ್ಯೂ ಎಂದು ಮುಗಿದರೆ ಆಸೆ ಬಿಡಿ.

ಹುಬ್ಬಳ್ಳಿಯ ಒಂದು ಅಂಗಡಿಯವರು “ಬೋರ್ಡೇ ಬದಲು ಮಾಡೂಣ್ರಿ, ಐ7-9750ಎಚ್ ಇರೂದು ಸಿಗತೈತಿ, 26 ಸಾವಿರ” ಎಂದರು. ಎರಡು ದಿನ ನಿದ್ದೆಗೆಟ್ಟು ಲೆಕ್ಕ ಹಾಕಿದೆ. ಆರು ಕೋರು, 4.5 ಗಿಗಾಹರ್ಟ್ಸ್‌ವರೆಗೆ ಓಟ. ಸರಿ. ಆದರೆ ಅದೂ 45 ವ್ಯಾಟಿನದೇ, ಕೂರುವುದು ಅದೇ ಕೂಲರಿನ ಕೆಳಗೆ. ಗ್ರಾಫಿಕ್ಸ್ ಚಿಪ್ಪೂ ಬೋರ್ಡಿಗೇ ಅಂಟಿರುವುದರಿಂದ ಆ ಬೋರ್ಡಿನಲ್ಲಿ ಬರುವುದು ಮತ್ತದೇ 1650. ಬೇಯುತ್ತಿರುವ ಪಾತ್ರೆಗೆ ಇನ್ನಷ್ಟು ಕಟ್ಟಿಗೆ ಒಟ್ಟಿದ ಹಾಗೆ.

ಆಗ ಬುದ್ಧಿ ಬಂದು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ ಆಟದ ಮೂಲೆಯಲ್ಲಿ ಅಂಕಿ ತೋರಿಸಿಕೊಂಡೆ. ಪರೀಕ್ಷೆ ಸರಳ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಸದಾ ಶೇ. 99ರ ಹತ್ತಿರ ಇದ್ದರೆ ಸುಸ್ತಾಗಿರುವುದು ಅದು, ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. ಅದು 60-70ರಲ್ಲಿ ತೂಕಡಿಸುತ್ತಿದ್ದು, ರೆಸಲ್ಯೂಶನ್ ಇಳಿಸಿದರೂ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಏರದಿದ್ದರೆ ಆಗ ಪ್ರೊಸೆಸರಿನತ್ತ ಬೆರಳು ತೋರಿಸಬಹುದು. ನನ್ನದು ಎರಡನೆಯ ಜಾತಿ. ಆದರೆ ಪಕ್ಕದ ಅಂಕಿ ನೋಡಿ: ಪ್ರೊಸೆಸರ್ 97 ಡಿಗ್ರಿ. 4.1 ಗಿಗಾಹರ್ಟ್ಸ್‌ವರೆಗೆ ಓಡಬಲ್ಲದ್ದು ಎರಡರ ಆಸುಪಾಸಿನಲ್ಲಿ ತೆವಳುತ್ತಿತ್ತು. ಇದರ ಮಿತಿ 100 ಡಿಗ್ರಿ. ಅದರ ಹತ್ತಿರ ಹೋದಾಗ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಶಕ್ತಿ ಇಲ್ಲದ್ದಲ್ಲ, ಉಸಿರು ಕಟ್ಟಿದ್ದು.

ಶಿರಸಿ ಪೇಟೆಯ ರಿಪೇರಿಯವ ಹಿಂಬದಿ ಬಿಚ್ಚಿ ನಕ್ಕುಬಿಟ್ಟ. “ಹೆಗಡೇರೆ, ಇದನ್ನ ಎಲ್ಲಿಟ್ಟು ಆಡ್ತಿದ್ರಿ?” ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ತೆಳು ರೆಕ್ಕೆಗಳಿಗೂ ನಡುವೆ ಕಂದು ಬಣ್ಣದ ಕಂಬಳಿಯೇ ಕೂತಿತ್ತು. ಚಾಲಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಅಡಿಕೆ, ಸುಲಿದ ಧೂಳು! ಪ್ರತಿ ಬೇಸಿಗೆ ಜಗಲಿಯ ಒಂದು ತುದಿಯಲ್ಲಿ ಸುಲಿತ, ಇನ್ನೊಂದು ತುದಿಯಲ್ಲಿ ನನ್ನ ಮೇಜು. ಮೂರು ವರ್ಷದ ಒಣ ಸಿಪ್ಪೆಯ ಪುಡಿಯನ್ನು ಫ್ಯಾನು ಶ್ರದ್ಧೆಯಿಂದ ಒಳಗೆಳೆದುಕೊಂಡಿತ್ತು. ಮೇಲಿಂದ ಬಚ್ಚಲೊಲೆಯ ಹೊಗೆಯ ಜಿಡ್ಡು ಬೇರೆ. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟು ಒಣಗಿ ಸುಣ್ಣವಾಗಿತ್ತು.

ಧೂಳು ತೆಗೆದು ಹೊಸ ಪೇಸ್ಟು ಹಚ್ಚಿದ್ದಕ್ಕೆ 800 ರೂಪಾಯಿ. ಸೆಕೆಂಡ್ ಹ್ಯಾಂಡ್ 8 ಜಿಬಿ ರ‍್ಯಾಮಿನ ಇನ್ನೊಂದು ಕಡ್ಡಿಗೆ 1,500. ಎರಡು ಕಡ್ಡಿ ಇದ್ದರೆ ಪ್ರೊಸೆಸರಿಗೂ ರ‍್ಯಾಮಿಗೂ ಒಂದರ ಬದಲು ಎರಡು ದಾರಿ. ಸರಾಸರಿ ಎಫ್‌ಪಿಎಸ್‌ಗಿಂತ, ನಡುನಡುವೆ ಬೀಳುವ ಆ ಮುಗ್ಗರಿಕೆ ಕಡಿಮೆಯಾಗುತ್ತದೆ. ಅದೇ ಆಟ, ಅದೇ ಜಗಲಿ: 97 ಇದ್ದದ್ದು 84ಕ್ಕೆ ಇಳಿಯಿತು. 26 ಸಾವಿರ ಉಳಿದದ್ದಕ್ಕಿಂತ, ಸುಮ್ಮನೆ ಪ್ರೊಸೆಸರಿಗೆ ಬೈದದ್ದಕ್ಕೆ ನಾಚಿಕೆಯಾಯಿತು.

ಕೆಲವು ಹಳೆಯ ಆಟಗಳಿಗೆ ಇನ್ನೊಂದು ಉಪಾಯ ಉಂಟು. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ ಟರ್ಬೊ, ಅಂದರೆ ಮೂಲ ವೇಗ ಮೀರಿದ ಓಟ, ನಿಲ್ಲುತ್ತದೆ. ವೇಗ 2.4 ಗಿಗಾಹರ್ಟ್ಸ್‌ಗೆ ನಿಂತು ಫ್ಯಾನು ತಣ್ಣಗಾಗುತ್ತದೆ. ರಾತ್ರಿ ಮನೆಯವರು ಮಲಗಿದ ಮೇಲೆ ನನ್ನದು ಇದೇ. ವ್ಯಾಲೊರಂಟಿಗೆ ಬೇಡ, ಅದಕ್ಕೆ ಪ್ರೊಸೆಸರಿನ ವೇಗ ಬೇಕು.

ಈ ಲ್ಯಾಪ್‌ಟಾಪಿನ ಬಗ್ಗೆ ನಿಜವಾದ ಬೇಸರ ಬೇರೆಯೇ. 2024ರ ಮಳೆಗಾಲದಲ್ಲಿ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತಿತು. ಉಬ್ಬಿದ ಬ್ಯಾಟರಿ ಇಟ್ಟುಕೊಂಡು ಚಾರ್ಜಿಗೆ ಹಾಕಬೇಡಿ ದಯವಿಟ್ಟು, ಬೆಂಕಿ ಹತ್ತುವ ವಸ್ತು ಅದು. ಹೊಸದು ಹಾಕಿಸಿದೆ. ಆದರೂ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದ ಕ್ಷಣ ಗ್ರಾಫಿಕ್ಸ್ ಚಿಪ್ಪು ಬ್ಯಾಟರಿಗೆ ತಕ್ಕಂತೆ ಕುಗ್ಗುತ್ತದೆ, ಪಂದ್ಯ ಕೈಬಿಟ್ಟ ಹಾಗೆಯೇ. ಅಡಾಪ್ಟರನ್ನು ಇನ್ವರ್ಟರಿನ ಲೈನಿಗೆ ಹಾಕಿಸಿಕೊಂಡ ಮೇಲೆ ಜೂನ್-ಜುಲೈ ಸ್ವಲ್ಪ ಸಹ್ಯ.

ಕುಮಟಾದ ಭಾವ ಇದೇ ಜೋಡಿಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಪ್ರೊಸೆಸರ್ ಹಾಕಿಸಲೋ ಎಂದು ಕೇಳಿದ. ಅವನದು ನೋಡಿದರೆ ಹೊಸ ದೊಡ್ಡ ಆಟಗಳು, ಗ್ರಾಫಿಕ್ಸ್ ಬಳಕೆ 99, ಅದರ 4 ಜಿಬಿ ಮೆಮೊರಿಯೂ ಭರ್ತಿ. ಅವನಿಗೆ ಪೇಸ್ಟೂ ಸಾಲದು. ಹಣ ಕೂಡಿಟ್ಟು ಹೊಸದೇ ತೆಗೆದುಕೋ ಮಾರಾಯಾ ಎಂದೆ. ನನ್ನ ಆಟಗಳು ಹಳೆಯವು, ನನಗೆ ಇದು ಇನ್ನೂ ಎರಡು ವರ್ಷ ಸಾಕು.

ಈ ಸಲದ ಸುಲಿತ ಇನ್ನೇನು ಶುರು. ನನ್ನ ಮೇಜು ಮೊನ್ನೆಯೇ ಮೆತ್ತಿ (ಮಹಡಿ) ಹತ್ತಿದೆ.