ಬಂದರ್‌ನಲ್ಲಿ ಕೊಂಡ ಧೂಳಿನ ಕನ್ನಡಕ, ಪಾವಗಡದ ಸುಳಿಗಾಳಿಯಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯಿಂದ ಬಯಲುಸೀಮೆಗೆ ಕೆಲಸಕ್ಕೆ ಹೋಗುವವರು, ಅದರಲ್ಲೂ ಬಿಸಿಲಲ್ಲಿ ಹೊರಗೆ ನಿಲ್ಲುವವರು, ಈ ಕನ್ನಡಕ ತಗೊಳ್ಳಿ. ನಾನು ಕೊಟ್ಟದ್ದು 420 ರೂಪಾಯಿ. ಮಂಗಳೂರಿನ ಬಂದರ್‌ನಲ್ಲಿ ಹಗ್ಗ, ಟಾರ್ಪಾಲು, ಗಂಬೂಟು ಮಾರುವ ಅಂಗಡಿಗಳು ಉಂಟಲ್ಲ, ಅಂಥ ಒಂದು ಹಳೇ ಅಂಗಡಿಯಲ್ಲಿ ಸಿಕ್ಕಿತು.

ನನ್ನ ಊರು ಕಾಪು. ಒಂದು ವರ್ಷದಿಂದ ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಪ್ಯಾನೆಲ್ ತಪಾಸಣೆಯ ಕೆಲಸ. ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆ ಜಾಗ, 2,050 ಮೆಗಾವಾಟ್ ಸಾಮರ್ಥ್ಯ. ಎಲ್ಲಿ ನೋಡಿದರೂ ನೀಲಿ ಪ್ಯಾನೆಲ್, ನಡುವೆ ಒಣ ನೆಲ. ನಮ್ಮಲ್ಲಿ ಮಾರ್ಚ್‌ನಲ್ಲಿ ಶಾಲೆ ಮೈದಾನದಲ್ಲಿ ಗೇರು ಎಲೆ, ಹಲಸಿನ ಎಲೆ ನಾಲ್ಕು ಸುತ್ತು ಸುತ್ತಿ ಬೀಳುವುದನ್ನು ನೋಡಿದ್ದೆ. ಸೊಂಟದ ಎತ್ತರಕ್ಕೂ ಏಳುವುದಿಲ್ಲ. ಮಧ್ಯಾಹ್ನ ಆಗುವಾಗ ಕಡಲ ಗಾಳಿ ಬೀಸುತ್ತದೆ, ನೆಲದಲ್ಲಿ ಪಸೆ ಇರುತ್ತದೆ, ಸುತ್ತ ಮರ ಇರುತ್ತದೆ. ಸುಳಿಗಾಳಿ ಅಂದರೆ ನನಗೆ ಅಷ್ಟೇ ಗೊತ್ತಿದ್ದದ್ದು.

ಪಾವಗಡಕ್ಕೆ ಹೋಗುವಾಗ ಬರಿಗೈಯಲ್ಲೇನೂ ಹೋಗಿರಲಿಲ್ಲ. ಆನ್‌ಲೈನ್‌ನಲ್ಲಿ 150 ರೂಪಾಯಿಗೆ ಒಂದು ಕನ್ನಡಕ ತರಿಸಿಕೊಂಡಿದ್ದೆ. ಗಾಳಿ ಆಡಲಿ ಅಂತ ಅದರ ಬದಿಯಲ್ಲಿ ಸಾಲಾಗಿ ತೂತುಗಳಿದ್ದವು.

ಫೆಬ್ರವರಿ ಕೊನೆಯ ವಾರ, ಮಧ್ಯಾಹ್ನ ಒಂದೂವರೆ. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ನಾನೂ, ಪ್ಯಾನೆಲ್ ತೊಳೆಯುವ ನಾಲ್ವರು ಹೆಂಗಸರೂ ಪ್ಯಾನೆಲ್ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದೆವು. ಬೇಲಿಯಾಚೆ ಶೇಂಗಾ ಕಿತ್ತು ಖಾಲಿ ಬಿಟ್ಟ ಹೊಲ. ಅಲ್ಲಿ ಕಂದು ಬಣ್ಣದ ಒಂದು ಕಂಬ ಎದ್ದು ನಿಂತಿತ್ತು. ತೆಂಗಿನ ಮರಕ್ಕಿಂತ ಎತ್ತರ, ಬುಡದಲ್ಲಿ ಸಪೂರ, ಸ್ವಲ್ಪ ಓರೆ. ಈ ಹೆಂಗಸರ ಮನೆಮಾತು ತೆಲುಗು. ಅವರಲ್ಲಿ ಹಿರಿಯಾಕೆ ‘ಸುಡಿಗಾಲಿ’ ಎಂದು ಕೂಗಿ, ಎರಡು ಸಲ ತೂ ತೂ ಎಂದು ಉಗುಳಿ, ಸೆರಗನ್ನು ಮುಖಕ್ಕೆ ಎಳೆದುಕೊಂಡರು. ‘ಮೇಡಂ, ಕಣ್ಣು ಮುಚ್ಕಳಿ!’ ಅಂತ ಇನ್ನೊಬ್ಬರು ಕಿರುಚಿದರು. ಕನ್ನಡಕ ಇದೆಯಲ್ಲ ಅಂತ ನಾನು ಮುಚ್ಚಲಿಲ್ಲ.

ಮೊದಲು ಬಂದದ್ದು ಸದ್ದು. ಒಣ ತೆಂಗಿನ ಗರಿಗಳನ್ನು ಒಟ್ಟಿಗೆ ಎಳೆದುಕೊಂಡು ಹೋದ ಹಾಗೆ. ಆಮೇಲೆ ಕೆನ್ನೆಗೆ ಮರಳು ಹೊಡೆಯಿತು, ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚುರುಚುರು. ಇಪ್ಪತ್ತು ಸೆಕೆಂಡ್ ಇರಬಹುದು. ಕನ್ನಡಕದ ತೂತಿನಿಂದ ಒಳಗೆ ಬಂದ ಧೂಳು ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಸುತ್ತುತ್ತಿತ್ತು. ಬಾಟಲಿ ನೀರೆಲ್ಲ ಸುರಿದು ತೊಳೆದರೂ ಬಲಗಣ್ಣು ಬಿಡಲು ಆಗಲಿಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಗೀರಿದೆ ಅಂದರು ಡಾಕ್ಟರು. ಐದು ದಿನ ಡ್ರಾಪ್ಸ್, ಐದು ದಿನ ರಜೆ.

ಆ ರಜೆಯಲ್ಲಿ ಊರಿಗೆ ಬಂದವಳು ಸೀದಾ ಬಂದರ್‌ಗೆ ಹೋದೆ. ಅಂಗಡಿಯ ಧನಿ ಒಂದೂ ಪೆಟ್ಟಿಗೆ ತೆಗೆಯಲಿಲ್ಲ. ‘ಹಳೆಯದ್ದು ತಂದಿದ್ದೀರಾ? ತೋರಿಸಿ’ ಅಂದರು. ಕೈಯಲ್ಲಿ ತಿರುಗಿಸಿ ನೋಡಿದರು. ‘ಅಕ್ಕ, ಇದು ಮರ ಕೊಯ್ಯುವವರದ್ದು. ಚಕ್ಕೆ ತಡೆಯುತ್ತದೆ, ಧೂಳಿಗೆ ಆಗ್ಲಿಕ್ಕಿಲ್ಲ. ತೂತು ನೋಡಿ, ಸೀದಾ ಕಣ್ಣಿಗೇ ಉಂಟು.’ ಆಮೇಲೆ ಒಳಗಿಂದ ಇನ್ನೊಂದು ತಂದರು. ಇದರಲ್ಲೂ ಗಾಳಿಗೆ ದಾರಿ ಇದೆ, ಆದರೆ ಪ್ರತಿ ತೂತಿನ ಮೇಲೂ ಒಂದು ಮುಚ್ಚಳ. ಗಾಳಿ ಬಳಸಿಕೊಂಡು ಒಳಗೆ ಬರಬೇಕು. ಮುಖಕ್ಕೆ ತಾಗುವ ಕಡೆ ಪೂರ್ತಿ ಸ್ಪಂಜು, ಹಿಂದೆ ಅಗಲದ ಎಲಾಸ್ಟಿಕ್. ನನ್ನ ನಂಬರ್ ಕನ್ನಡಕದ ಮೇಲೇ ಹಾಕಿಕೊಳ್ಳಬಹುದು. ‘ಬಗ್ಗಿ, ತಲೆ ಅಲ್ಲಾಡಿಸಿ, ಜಾರುತ್ತದಾ ನೋಡಿ’ ಅಂದರು. ಹತ್ತು ನಿಮಿಷ ನನ್ನ ಹತ್ತಿರವೇ ನಿಂತಿದ್ದರು. ನಾನು ಈ ವಿಮರ್ಶೆ ಬರೆಯಲು ಅರ್ಧ ಕಾರಣ ಆ ಹತ್ತು ನಿಮಿಷ.

ಏಪ್ರಿಲ್ ಮೊದಲ ವಾರ ಸುಳಿಗಾಳಿ ಮತ್ತೆ ಬಂತು. ಈ ಸಲ ಮೂಗಿಗೆ ಮಾಸ್ಕ್, ಕಣ್ಣಿಗೆ ಇದು. ನೆಲಕ್ಕೆ ಕುಕ್ಕರುಗಾಲಲ್ಲಿ ಕೂತೆ. ಸುಳಿ ನನ್ನ ಮೇಲೇ ಹಾದುಹೋಯಿತು, ಕಣ್ಣು ಬಿಟ್ಟುಕೊಂಡೇ ನೋಡಿದೆ. ಶೇಂಗಾ ಸಿಪ್ಪೆಗಳು ನನ್ನ ಸುತ್ತ ಮೊಣಕಾಲೆತ್ತರದಲ್ಲಿ ಓಡುತ್ತಿದ್ದವು. ಒಂದು ಹಾಲಿನ ಪ್ಯಾಕೆಟ್ ಸುತ್ತುತ್ತಾ ಮೇಲಕ್ಕೆ ಏರಿ ಕಾಣದಷ್ಟು ದೂರ ಹೋಯಿತು. ನಡುವಿಗೆ ಬಂದಾಗ ಒಂದು ಕ್ಷಣ ಗಾಳಿ ಸಡಿಲಾಯಿತು, ಆಮೇಲೆ ಎದುರು ದಿಕ್ಕಿನಿಂದ ಹೊಡೆಯಿತು. ಕನ್ನಡಕದ ಒಳಗೆ ಒಂದು ಕಣ ಧೂಳಿಲ್ಲ. ಆವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ ಇದನ್ನೇ ಅರ್ಧ ಗಂಟೆ ಹೇಳಿದೆ.

ಸುಳಿಗಾಳಿ ಹುಟ್ಟುವ ರೀತಿ ಗೊತ್ತಾದ ಮೇಲೆ ಹೆದರಿಕೆ ಕಡಿಮೆ ಆಯಿತು. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ಅಂಟಿದ ಗಾಳಿ ಮೇಲಿನದ್ದಕ್ಕಿಂತ ತುಂಬಾ ಬಿಸಿಯಾಗಿ ಒಂದು ಕಡೆ ಮೇಲಕ್ಕೆ ನುಗ್ಗುತ್ತದೆ. ಆ ಜಾಗ ತುಂಬಲು ಸುತ್ತಲಿಂದ ಗಾಳಿ ಒಳಗೆ ಬರುತ್ತದೆ. ಅದರಲ್ಲಿ ಸ್ವಲ್ಪ ತಿರುಗು ಇದ್ದರೂ ಸಾಕು, ಒಳಕ್ಕೆ ಬಂದಷ್ಟೂ ವೇಗ ಏರುತ್ತದೆ. ಯಕ್ಷಗಾನದಲ್ಲಿ ಸುತ್ತು ಹಾಕುವ ವೇಷಧಾರಿ ಚಾಚಿದ ಕೈ ಮೈಗೆ ಎಳೆದುಕೊಂಡರೆ ಜೋರಾಗುತ್ತದಲ್ಲ, ಹಾಗೆ. ಟೊರ್ನಾಡೊ ಮೋಡದಿಂದ ಕೆಳಗೆ ಇಳಿಯುತ್ತದೆ, ಇದು ನೆಲದಿಂದ ಮೇಲಕ್ಕೆ ಏಳುತ್ತದೆ. ಮೋಡ ಬೇಕಾಗಿಯೇ ಇಲ್ಲ. ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಹೆಚ್ಚಿನವು ಕೆಲವೇ ನಿಮಿಷದಲ್ಲಿ ಮುಗಿಯುತ್ತವೆ. ಹಿರಿಯಾಕೆಗೆ ಮಾತ್ರ ಅದರೊಳಗೆ ದೆವ್ವ ಇರುವುದು ಖಂಡಿತ. ಅವರೊಬ್ಬರದೇ ನಂಬಿಕೆ ಅಲ್ಲ ಇದು. ಅಮೆರಿಕದ ಮೂಲನಿವಾಸಿ ನವಾಹೊ ಜನರಲ್ಲೂ ಇದು ಸತ್ತವರ ಆತ್ಮ. ಇಂಗ್ಲಿಷ್‌ನವರ ‘ಡಸ್ಟ್ ಡೆವಿಲ್’ ಅಂದರೂ ಧೂಳಿನ ದೆವ್ವವೇ.

ಇನ್ನು ಕನ್ನಡಕದ ಕೊರತೆ. ನಮ್ಮೂರಲ್ಲಿ ಇದು ಬೇಡವೇ ಬೇಡ. ಕಾಪುವಿನಿಂದ ಉಡುಪಿಗೆ ಸ್ಕೂಟರ್‌ನಲ್ಲಿ ಹಾಕಿಕೊಂಡು ಹೊರಟೆ. ಕಟಪಾಡಿ ಬರುವಷ್ಟರಲ್ಲಿ ಒಳಗೆಲ್ಲ ಮಂಜು ಹಿಡಿದು ಎದುರಿನ ಬಸ್ ಬರೀ ಬಣ್ಣವಾಗಿ ಕಾಣುತ್ತಿತ್ತು. ಗಾಡಿ ನಿಲ್ಲಿಸಿ ತೆಗೆದೆ. ಪಾವಗಡದ ಒಣ ಗಾಳಿಯಲ್ಲಿ ಇಡೀ ದಿನ ಹಾಕಿದರೂ ಈ ತೊಂದರೆ ಬರಲಿಲ್ಲ. ಸ್ಪಂಜು ಬೆವರು ಕುಡಿಯುತ್ತದೆ, ವಾರಕ್ಕೆರಡು ಸಲ ತೊಳೆದು ನೆರಳಲ್ಲಿ ಒಣಗಿಸಬೇಕು. ಮೂರು ಗಂಟೆ ಕಳೆದ ಮೇಲೆ ನಂಬರ್ ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತುತ್ತದೆ.

ಇನ್ನೊಂದು ವಿಷಯ ಧನಿ ಹೇಳಿರಲಿಲ್ಲ, ನಾನೇ ಕಲಿತದ್ದು. ಸುಳಿಗಾಳಿಯಲ್ಲಿ ಧೂಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ವಿದ್ಯುತ್ ಹಿಡಿಯುತ್ತವೆ. ಅದಕ್ಕೇ ಗಾಜಿಗೆ ಅಂಟಿ ಕೂರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಜಾಸ್ತಿ ಅಂಟುತ್ತದೆ, ಗೀರೂ ಬೀಳುತ್ತದೆ. ನನ್ನದರಲ್ಲಿ ಎಡಗಡೆ ಎರಡು ಗೀರು ಬಿದ್ದದ್ದು ಹೀಗೇ. ಮೊದಲು ನೀರು ಹಾಕಿ, ಆಮೇಲೆ ಒರೆಸಿ.

ಪ್ಯಾನೆಲ್ ಮೇಲಿನ ಧೂಳಿನ ಜೊತೆಗೇ ದಿನ ಕಳೆಯುವ ನನಗೆ ಮಂಗಳ ಗ್ರಹದ ಕಥೆ ತುಂಬಾ ಇಷ್ಟ. ಅಲ್ಲೂ ಸುಳಿಗಾಳಿ ಏಳುತ್ತದೆ, ಇಲ್ಲಿಯದಕ್ಕಿಂತ ಎಷ್ಟೋ ಎತ್ತರ. 90 ದಿನಕ್ಕೆಂದು 2004ರಲ್ಲಿ ಇಳಿದಿದ್ದ, ಚಕ್ರದ ಮೇಲೆ ಓಡಾಡುವ ನಾಸಾದ ಯಂತ್ರ ಸ್ಪಿರಿಟ್ ರೋವರ್‌ನ ಸೋಲಾರ್ ಪ್ಯಾನೆಲ್‌ಗಳು ಧೂಳು ಹಿಡಿದಿದ್ದವು. 2005ರ ಮಾರ್ಚ್‌ನಲ್ಲಿ ಗಾಳಿಯೇ ಬಂದು ಅವನ್ನು ಗುಡಿಸಿಕೊಟ್ಟಿತು. 2010ರವರೆಗೂ ಅದು ಮಾತಾಡುತ್ತಿತ್ತು. ಮಂಗಳದಲ್ಲೇ ಇಳಿದಿದ್ದ ಇನ್‌ಸೈಟ್ ನೌಕೆಗೆ ಆ ಭಾಗ್ಯ ಸಿಗಲಿಲ್ಲ, ಧೂಳು ಮುಚ್ಚಿ 2022ರ ಡಿಸೆಂಬರ್‌ನಲ್ಲಿ ಮುಗಿಯಿತು. ಪರ್ಸಿವರೆನ್ಸ್ ರೋವರ್ 2021ರ ಸೆಪ್ಟೆಂಬರ್ 27ರಂದು ತನ್ನ ಮೇಲೇ ಹಾದುಹೋದ ಸುಳಿಯ ಸದ್ದನ್ನು ಮೈಕ್‌ನಲ್ಲಿ ಹಿಡಿದಿದೆ. ಗಾಳಿಯ ಮೊರೆತ, ನಡುವೆ ಮೌನ, ಮತ್ತೆ ಮೊರೆತ. ನಾನು ಕುಕ್ಕರುಗಾಲಲ್ಲಿ ಕೂತು ಅನುಭವಿಸಿದ್ದೂ ಅದೇ ಕ್ರಮ. ಪಾವಗಡದಲ್ಲಿ ಮಾತ್ರ ಗಾಳಿ ಯಾವತ್ತೂ ಪ್ಯಾನೆಲ್ ಗುಡಿಸಿಕೊಟ್ಟಿಲ್ಲ. ಆ ಕೆಲಸ ಮಾಡುವುದು ಸೆರಗು ಎಳೆದುಕೊಂಡ ಆ ನಾಲ್ವರು.

ತುಳುವರ ಹೊಸವರ್ಷ ಬಿಸುಗೆ ಊರಿಗೆ ಬಂದಾಗ ಅದೇ ಅಂಗಡಿಯಿಂದ ಇನ್ನೂ ನಾಲ್ಕು ತಗೊಂಡೆ. ಒಂದಕ್ಕೆ 380ರಂತೆ ಹಾಕಿದರು. ಹಿರಿಯಾಕೆಯ ಮುಖ ಸಣ್ಣದು ಅಂದದ್ದಕ್ಕೆ ಎಲಾಸ್ಟಿಕ್ ಬಿಗಿ ಮಾಡಿ, ಎರಡು ಹೊಲಿಗೆ ಹಾಕಿಸಿ ಕೊಟ್ಟರು. ಹೊಲಿಗೆಗೆ ದುಡ್ಡು ತಗೊಳ್ಳಲಿಲ್ಲ.