ಸಾಕುಪ್ರಾಣಿಗಳಿರುವ ಮನೆಗೆ ಬಣ್ಣ ಮತ್ತು ದುರಸ್ತಿ: ದಾವಣಗೆರೆಯ ಒಂದು ತಂಡದ ಕೆಲಸದ ಬಗ್ಗೆ

ವರ್ಗಾವಣೆಯ ನಿಮಿತ್ತ ಚಿತ್ರದುರ್ಗಕ್ಕೆ ಹೋಗಬೇಕಾಗಿ ಬಂದಾಗ, ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯನ್ನು ಬಾಡಿಗೆಗೆ ಕೊಡುವ ಮೊದಲು, ಬಣ್ಣ, ಮರಗೆಲಸ, ಸಣ್ಣಪುಟ್ಟ ಗಾರೆ ಕೆಲಸ ಮೂರನ್ನೂ ಒಟ್ಟಿಗೆ ಮಾಡಿಕೊಡುವ ಸ್ಥಳೀಯ ತಂಡವೊಂದಕ್ಕೆ ದುರಸ್ತಿಯನ್ನು ವಹಿಸಿದ್ದೆವು. ಖಾಲಿ ಮನೆಗೆ ಬಣ್ಣ ಹಚ್ಚಿಸುವುದು ಒಂದು ಬಗೆ. ಒಂದು ನಾಯಿ, ಎರಡು ಬೆಕ್ಕುಗಳನ್ನು ಇಟ್ಟುಕೊಂಡು ಅದೇ ಮನೆಯಲ್ಲಿ ವಾಸವಿದ್ದು ಹಚ್ಚಿಸುವುದು ಬೇರೆಯೇ ಬಗೆ. ಯಾವ ಬಾಗಿಲು ತೆರೆದಿದೆ, ಯಾವ ಡಬ್ಬಿಗೆ ಮುಚ್ಚಳವಿಲ್ಲ, ಬೆಕ್ಕು ಎಲ್ಲಿ ಹೋಯಿತು ಎಂಬ ಎಚ್ಚರವನ್ನು ಬೆಳಗಿನಿಂದ ರಾತ್ರಿಯವರೆಗೆ ಒಂದು ಗಳಿಗೆಯೂ ಬಿಡುವಂತಿರಲಿಲ್ಲ. ಸಾಮಾನು ಕಟ್ಟುವುದಕ್ಕಿಂತ ನಮ್ಮನ್ನು ಹೆಚ್ಚು ಹಣ್ಣುಮಾಡಿದ್ದು ಅದೇ.

ಆ ಹೊರೆಯಲ್ಲಿ ದೊಡ್ಡ ಪಾಲನ್ನು ಈ ತಂಡದ ಮೇಸ್ತ್ರಿ ತಾವಾಗಿಯೇ ಹೊತ್ತರು. "ಬೆಕ್ಕು ಯಾವ ರೂಮಲ್ಲಿ ಮಲಗ್ತಾವೆ ಹೇಳಿ ಅಕ್ಕಾ, ಅದನ್ನ ಕೊನೆಗೆ ಹಿಡೀತೀವಿ" ಎಂದು ಮೊದಲ ದಿನವೇ ಕೇಳಿಕೊಂಡು, ಒಂದೊಂದೇ ಕೋಣೆಯನ್ನು ಪೂರ್ತಿ ಮುಗಿಸಿ, ಬಾಗಿಲು ಹಾಕಿ, ಗಾಳಿಯಾಡಲು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದರು. ಇಡೀ ಮನೆಗೆ ಒಮ್ಮೆಲೇ ಗೋಡೆ ನುಣುಪುಮಾಡುವ ಪುಟ್ಟಿ, ಆಮೇಲೆ ಒಮ್ಮೆಲೇ ಬಣ್ಣಕ್ಕೆ ಮುಂಚೆ ಹಚ್ಚುವ ಪ್ರೈಮರ್ ಎಂದು ಕೆಲಸ ಮಾಡಿದರೆ ಅವರಿಗೆ ಕೂಲಿ ಉಳಿಯುತ್ತದೆ. ಕೋಣೆವಾರು ಕೆಲಸಕ್ಕೆ ಚದರ ಅಡಿಯ ದರದ ಮೇಲೆ ಸ್ವಲ್ಪ ಹೆಚ್ಚು ಕೇಳಿದರು. ಕೊಟ್ಟ ಹಣಕ್ಕೆ ಮೋಸವಿಲ್ಲ.

ಬಾಗಿಲುಗಳ ಕೆಲಸ ಎಲ್ಲಕ್ಕಿಂತ ಚೆನ್ನಾಗಿ ಬಂತು. ಹಿತ್ತಿಲ ಬಾಗಿಲಿನ ಕೆಳಭಾಗವನ್ನು ನಾಯಿ ವರ್ಷಗಟ್ಟಲೆ ಕೆರೆದು, ಉಗುರಿನ ಗೀರುಗಳು ಬಣ್ಣವನ್ನು ದಾಟಿ ಮರಕ್ಕೇ ಇಳಿದಿದ್ದವು. ಅವನ್ನು ತುಂಬುವ ಮೊದಲು ಹಳೆಯ ಆಯಿಲ್ ಪೇಂಟ್ ಉಜ್ಜಬೇಕಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ನಮ್ಮ ಬಾಗಿಲುಗಳ ಬಣ್ಣ ಅದಕ್ಕಿಂತ ಹಳೆಯದು. ಒಣಗಿದ್ದಂತೆಯೇ ಉಜ್ಜಿದರೆ ಏಳುವ ಪುಡಿಯಲ್ಲಿ ಸೀಸವಿರುವ ಸಾಧ್ಯತೆಯಿದ್ದು, ಮೈಮೇಲೆ ಕೂತ ಧೂಳನ್ನೆಲ್ಲ ನೆಕ್ಕಿಕೊಳ್ಳುವ ಬೆಕ್ಕಿಗೆ ಅದು ನೇರವಾಗಿ ಹೊಟ್ಟೆಗೆ ಹೋಗುತ್ತದೆ. ಇದನ್ನು ವಿವರಿಸಿದ ಮೇಲೆ ಬಾಗಿಲುಗಳನ್ನು ಬಿಚ್ಚಿ ತಾರಸಿಗೆ ಒಯ್ದು, ನೀರು ಹಚ್ಚಿ ಉಜ್ಜಿ, ಕೆಸರನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ತೆಗೆದರು. ಈಗ ಕೈಯಾಡಿಸಿದರೂ ಗೀರು ಎಲ್ಲಿತ್ತೆಂದು ತಿಳಿಯುವುದಿಲ್ಲ.

ಸ್ವಚ್ಛತೆಯ ವಿಷಯದಲ್ಲಿ ಮಾತ್ರ ಬೇಸರವಾಯಿತು. ಬೆಕ್ಕು ಮೂತ್ರ ಮಾಡಿದ್ದ ಗೋಡೆಯ ಮೂಲೆಯನ್ನು ಕಪ್ಪು ಫಿನಾಯಿಲ್‌ನಿಂದ ತೊಳೆದು, ಮೇಲೆ ನೇರವಾಗಿ ಪ್ರೈಮರ್ ಹೊಡೆದರು. ಆ ಫಿನಾಯಿಲ್‌ನಲ್ಲಿರುವ ಫಿನಾಲ್ ಅಂಶವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ನಿವಾರಿಸಲಾರದಾದ್ದರಿಂದ ಅದು ಬೆಕ್ಕಿಗೆ ವಿಷ. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳುಗಳು ನೀರಿಗೆ ಸುಲಭವಾಗಿ ಕರಗುವಂಥವೂ ಅಲ್ಲ. ತೇವ ತಗುಲಿದೊಡನೆ ವಾಸನೆ ಮತ್ತೆ ಏಳುತ್ತದೆ, ಎದ್ದಿತು ಕೂಡ. ಆ ಹರಳುಗಳನ್ನು ಒಡೆಯುವ ಕಿಣ್ವ (ಎನ್‌ಜೈಮ್) ಇರುವ ದ್ರಾವಣವನ್ನು ತರಿಸಿ, ಪ್ರೈಮರ್ ಕೆರೆಸಿ, ಆ ಮೂಲೆಯ ಕೆಲಸವನ್ನು ಹೊಸದಾಗಿ ಮಾಡಿಸಬೇಕಾಯಿತು. ಅದಕ್ಕೆ ಅವರು ಕೂಲಿ ಕೇಳಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಮನೆ ಬಿಡುವ ಹೊತ್ತಿನಲ್ಲಿ ಮುಗಿಯಿತೆಂದುಕೊಂಡ ಕೆಲಸ ತಿರುಗಿ ಬಂದರೆ ಎಂಥವರಿಗೂ ಕೈಕಾಲು ಸೋಲುತ್ತದೆ.

ಅಡುಗೆಮನೆಯ ನಲ್ಲಿ, ಬಚ್ಚಲಿನ ಟೈಲ್ಸ್ ಸಂದುಗಳು ಸರಿಯಾಗಿವೆ.

ಕೊನೆಯದಾಗಿ ಕಿಟಕಿಯ ಜಾಲರಿ. ಬಣ್ಣ ಒಣಗಲು ಕಿಟಕಿ ತೆರೆದಿರಬೇಕು, ಜಾಲರಿಯಿಲ್ಲದ ಕಿಟಕಿ ತೆರೆದರೆ ಬೆಕ್ಕು ಹೊರಗೆ. ಆದರೂ ಜಾಲರಿಯನ್ನು ಎಲ್ಲ ಮುಗಿದ ಮೇಲೆ ಹಾಕುವುದು ಇವರ ರೂಢಿ. ನಾವು ಹಟ ಹಿಡಿದು, ಮಂಡಿಪೇಟೆಯಿಂದ ಸ್ಟೀಲ್ ಜಾಲರಿ ತಂದುಕೊಟ್ಟು, ಎರಡು ಕೋಣೆಗಳಿಗಾದರೂ ಮೊದಲೇ ಹಾಕಿಸಿದೆವು. ನೈಲಾನ್ ಜಾಲರಿ ಬೆಕ್ಕಿನ ಉಗುರಿಗೆ ತಡೆಯದು. ಇವರಿಗೆ ಕೆಲಸ ಕೊಡುವವರು ಮುಂಗಡ ಕೊಡುವಾಗಲೇ ಜಾಲರಿ ಮೊದಲು, ಬಣ್ಣ ಆಮೇಲೆ, ಫಿನಾಯಿಲ್ ಬೇಡ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದದ್ದನ್ನು ಅವರು ತಪ್ಪದೆ ಪಾಲಿಸುತ್ತಾರೆ.