ಯುಜಿಡಿ ಕನೆಕ್ಷನ್‌ಗೆ ಸಾಲ ಮಾಡುವ ಮೊದಲು ಕೆಳಗಿನ ಮ್ಯಾನ್‌ಹೋಲ್ ತೆಗೆಸಿ ನೋಡಿ

ಮಂಗಳೂರಿನಲ್ಲಿ ಯಾರ ಮನೆ ಎದುರು ಹೊಸದಾಗಿ ಮ್ಯಾನ್‌ಹೋಲ್ ಆಗಿದೆಯೋ, ಸೆಪ್ಟಿಕ್ ಪಿಟ್ ಮುಚ್ಚಿಸಿ ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಸೇರಿಸಿಕೊಳ್ಳುವ ಅಂತ ಯಾರು ದುಡ್ಡು ಹೊಂದಿಸುತ್ತಿದ್ದೀರೋ, ದಯವಿಟ್ಟು ಇದನ್ನು ಪೂರ್ತಿ ಓದಿ. 80,000 ರೂಪಾಯಿ ಸಾಲ ಮಾಡಿ ನಾನು ಮಾಡಿಸಿದ ಕೆಲಸ ಮೊದಲ ಮಳೆಗಾಲಕ್ಕೇ ಬಚ್ಚಲಲ್ಲಿ ಉಕ್ಕಿತು. ಜೊತೆಗೆ ಬಾವಿಯೂ ಕೆಟ್ಟಿತು.

ನಮ್ಮದು ಏಳು ಸೆಂಟ್ಸ್ ಜಾಗ. ಮನೆ ರಸ್ತೆಗಿಂತ ಎರಡೂವರೆ ಅಡಿ ತಗ್ಗಿನಲ್ಲಿದೆ. ಎದುರಿಗೆ ಬಾವಿ, ಹಿಂದೆ ಪಿಟ್, ನಡುವೆ ಹೆಚ್ಚೆಂದರೆ ಮೂವತ್ತು ಅಡಿ. ಮಾವ ಮನೆ ಕಟ್ಟಿಸಿದ ಕಾಲದಲ್ಲಿ ಸುತ್ತ ಗೇರುಗುಡ್ಡ, ಯಾರಿಗೂ ತೊಂದರೆ ಇರಲಿಲ್ಲ. ಈಗ ನಾಲ್ಕೂ ಕಡೆ ಮನೆ, ಒಂದೊಂದಕ್ಕೆ ಒಂದೊಂದು ಪಿಟ್. ನಮ್ಮ ಕೆಂಪು ಕಲ್ಲಿನ ನೆಲ ತೂತುತೂತು. ಜುಲೈಯಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುವಾಗ ಪಿಟ್‌ನಿಂದ ಇಳಿದ ನೀರು ಆ ಕಲ್ಲಿನ ಸಂದಿಗಳಲ್ಲೇ ಹರಿದು ಬಾವಿಯ ಕಡೆ ಬರುತ್ತದೆ. ಹಾಗಾಗಿ ಯುಜಿಡಿಗೆ ಹೋಗಬೇಕು ಅಂದುಕೊಂಡದ್ದು ತಪ್ಪಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ. ತಪ್ಪಿದ್ದು ದುಡ್ಡು ಕೊಟ್ಟ ರೀತಿ.

ಏಪ್ರಿಲ್‌ನಲ್ಲಿ ಒಬ್ಬ ಪ್ಲಂಬಿಂಗ್ ಗುತ್ತಿಗೆದಾರ ಮನೆಗೆ ಬಂದ. ರಸ್ತೆಯಲ್ಲಿ ಎರಡು ಮನೆಗೆ ಆಗಲೇ ಮಾಡಿಕೊಟ್ಟಿದ್ದ. ಮಾತು ಬಹಳ ನಯ. "ಅಕ್ಕ, ನೀವು ಟೆನ್ಶನ್ ಮಾಡ್ಬೇಡಿ. ಪರ್ಮಿಷನ್, ರಸ್ತೆ ಅಗೆಯುವುದು, ಪಿಟ್ ಮುಚ್ಚುವುದು ಎಲ್ಲ ನಾನೇ ನೋಡ್ಕೊಳ್ತೇನೆ. ಕೇಂದ್ರದ ಅಮೃತ್ ಯೋಜನೆಯಲ್ಲಿ ಸಬ್ಸಿಡಿ ಉಂಟು, ಅರ್ಧ ದುಡ್ಡು ನಿಮ್ಮ ಖಾತೆಗೆ ವಾಪಸ್ ಬರ್ತದೆ" ಅಂದ. ಆಧಾರ್ ಮತ್ತು ಪಾಸ್‌ಬುಕ್‌ನ ಜೆರಾಕ್ಸ್ ತೆಗೆದುಕೊಂಡ. ಮಳೆ ಶುರುವಾದರೆ ರಸ್ತೆ ಅಗೆಯಲು ಬಿಡುವುದಿಲ್ಲ ಅಂತ ಅವಸರ ಬೇರೆ. ಅರ್ಧ ವಾಪಸ್ ಬರುತ್ತದೆ ಎಂಬ ಧೈರ್ಯದಲ್ಲೇ ನಾನು ಸಾಲಕ್ಕೆ ಸಹಿ ಹಾಕಿದ್ದು.

ಆ ಸಬ್ಸಿಡಿ ಬರಲಿಲ್ಲ, ಬರುವುದೂ ಇಲ್ಲ. ನಗರಗಳ ನೀರು, ಒಳಚರಂಡಿಗೆಂದು ಇರುವ ಆ ಯೋಜನೆಯ ಎರಡನೇ ಹಂತ ಅಮೃತ್ 2.0 ಶುರುವಾದದ್ದು 2021ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಕೇಂದ್ರದ ದುಡ್ಡು ರಾಜ್ಯಕ್ಕೆ ಬರುತ್ತದೆ, ಅಲ್ಲಿಂದ ಮಂಜೂರಾದ ಕಾಮಗಾರಿಗೆ ಹೋಗುತ್ತದೆ. ಒಂದರಿಂದ ಹತ್ತು ಲಕ್ಷ ಜನಸಂಖ್ಯೆಯ ನಗರಗಳಿಗೆ ಕೇಂದ್ರದ ಪಾಲು ಮೂರನೇ ಒಂದು, ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಹೊಂದಿಸಬೇಕು. ಆ ದುಡ್ಡು ಮುಖ್ಯ ಲೈನ್, ವೆಟ್‌ವೆಲ್ (ಕೊಳಚೆ ಸೇರಿಸಿ ಪಂಪ್ ಮಾಡುವ ತೊಟ್ಟಿ), ಶುದ್ಧೀಕರಣ ಘಟಕಗಳಂಥ ಕೆಲಸಕ್ಕೆ. ಮನೆಯವರು ಖಾಸಗಿ ಗುತ್ತಿಗೆದಾರನಿಗೆ ಕೈಯಿಂದ ಕೊಟ್ಟದ್ದನ್ನು ಪಾಸ್‌ಬುಕ್ಕಿಗೆ ವಾಪಸ್ ಹಾಕುವ ಯೋಜನೆ ಅದಲ್ಲ. ಯಾರಾದರೂ ಸಬ್ಸಿಡಿ ಅಂತ ಹೇಳಿದರೆ ಆದೇಶದ ಪ್ರತಿ ಕೇಳಿ, ಅದನ್ನು ಹಿಡಿದುಕೊಂಡು ನೀವೇ ಪಾಲಿಕೆ ಕಚೇರಿಗೆ ಹೋಗಿ ವಿಚಾರಿಸಿ.

ಇನ್ನು ಸಾಲದ ಕಥೆ. ಒಂದು ಸಹಕಾರಿ ಸಂಘದಲ್ಲಿ ಮೂರು ವರ್ಷಕ್ಕೆ ತೆಗೆದುಕೊಂಡೆ. ಬಡ್ಡಿ 12 ಶೇಕಡಾ ಅಂದರು. ಫ್ಲ್ಯಾಟ್ ಎಂಬ ಪದ ಕಾಗದದಲ್ಲಿ ಇತ್ತು, ನನಗೆ ಅರ್ಥ ಗೊತ್ತಿರಲಿಲ್ಲ. ತಿಂಗಳು ತಿಂಗಳು ಅಸಲು ಕರಗುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 80,000ದ ಮೇಲೇ. ವರ್ಷಕ್ಕೆ 9,600ರಂತೆ ಮೂರು ವರ್ಷಕ್ಕೆ 28,800. ಅದೇ 12 ಶೇಕಡಾವನ್ನು ಉಳಿದ ಅಸಲಿನ ಮೇಲೆ ಮಾತ್ರ ಹಾಕಿದ್ದರೆ ಬಡ್ಡಿ ಹದಿನಾರು ಸಾವಿರವೂ ಆಗುತ್ತಿರಲಿಲ್ಲ. ಬ್ಯಾಂಕಿನಲ್ಲಿರುವ ನನ್ನ ತಮ್ಮ ಲೆಕ್ಕ ಮಾಡಿ, "ಅಕ್ಕ, ಇದು ನಿಜವಾಗಿ 21 ಶೇಕಡಾದ ಸಾಲ" ಅಂದಾಗ ನನಗೆ ಅಳು ಬಂತು. ಸಹಿ ಹಾಕುವ ಮೊದಲು ಅವನಿಗೆ ಒಂದು ಫೋನ್ ಮಾಡಬಹುದಿತ್ತು.

ಕೆಲಸ ಐದು ದಿನದಲ್ಲಿ ಮುಗಿಯಿತು. ಅಂಗಳ ಅಗೆದು ಪಿವಿಸಿ ಪೈಪ್ ಹಾಕಿ, ಗೇಟಿನ ಹತ್ತಿರ ಚೇಂಬರ್ ಕಟ್ಟಿ ಎದುರಿನ ಮ್ಯಾನ್‌ಹೋಲ್‌ಗೆ ಸೇರಿಸಿದ. ಪಿಟ್ ಖಾಲಿ ಮಾಡಲು ಇಬ್ಬರು ಹುಡುಗರನ್ನು ಕರೆತಂದ. ಸ್ಲ್ಯಾಬ್ ಎತ್ತಿಯಾಗಿತ್ತು, ಒಬ್ಬ ಅಂಗಿ ಬಿಚ್ಚಿ ಹಗ್ಗ ಹಿಡಿದು ನಿಂತಿದ್ದ. ನಾನು ಕೂಗಿ ನಿಲ್ಲಿಸಿದೆ. ಈ ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಪಿಟ್‌ನೊಳಗಿನ ವಿಷಾನಿಲ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಹುದು, ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಬಾಚುವ ಕೆಲಸವನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕೆಲಸ ಮಾಡಿಸಿದ ಮನೆಯವರೂ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಸಕ್ಕಿಂಗ್ ಗಾಡಿ ಬರುವವರೆಗೆ ಕಾಯಿರಿ, ಒಂದು ದಿನ ತಡವಾದರೆ ಏನೂ ಆಗುವುದಿಲ್ಲ. ನಾನು ಗಾಡಿ ತರಿಸಿದೆ, ಅದಕ್ಕೆ ಗುತ್ತಿಗೆದಾರ ಬೇರೆ ದುಡ್ಡು ಕೇಳಿದ, ಕೊಟ್ಟೆ.

ಜೂನ್ ಮೂರನೇ ವಾರ. ರಾತ್ರಿ ಎರಡು ಗಂಟೆಗೆ ಜೋರು ಮಳೆ. ಬಚ್ಚಲಿನಿಂದ ಗುಳುಗುಳು ಸದ್ದು ಬಂತು. ಲೈಟ್ ಹಾಕಿ ನೋಡಿದರೆ ನೆಲದ ಜಾಲರಿಯಿಂದ ಬೂದು ಬಣ್ಣದ ನೀರು ಮೇಲೆ ಬರುತ್ತಿದೆ, ಅದರಲ್ಲಿ ಸೋಪಿನ ನೊರೆ, ಅನ್ನದ ಅಗುಳು, ಒಗ್ಗರಣೆಯ ಕರಿಬೇವಿನ ಎಲೆ. ನಾವು ಅವತ್ತು ಒಗ್ಗರಣೆ ಹಾಕಿರಲಿಲ್ಲ. ಮೇಲಿನ ಮನೆಗಳದ್ದೆಲ್ಲ ನಮ್ಮಲ್ಲಿಗೆ ಬರುತ್ತಿತ್ತು. ಅತ್ತೆಗೆ ಎಂಬತ್ತೊಂದು ವರ್ಷ, ಅವರ ಕೋಣೆಯ ಬಾಗಿಲಿಗೆ ಹಳೇ ಸೀರೆ ತುರುಕಿ, ನಾನೂ ಮಗಳೂ ಬೆಳಗಿನವರೆಗೆ ಬಕೆಟ್‌ನಲ್ಲಿ ಎತ್ತಿ ಹಾಕಿದೆವು. ಹಾಕುವುದಾದರೂ ಎಲ್ಲಿಗೆ? ಅಂಗಳಕ್ಕೆ. ಅಂಗಳದಿಂದ ಅದು ಹೋದದ್ದು ಬಾವಿಯ ಕಡೆಗೆ. ಆಗ ಅದು ಹೊಳೆಯಲಿಲ್ಲ.

ನಾಲ್ಕು ದಿನ ಕಳೆದು ಪಕ್ಕದ ಮನೆಯ ಬಾಯಮ್ಮ, "ನಿಮ್ಮ ನೀರು ಕುದಿಸುವಾಗ ವಾಸನೆ ಬರ್ತದಾ?" ಅಂತ ಕೇಳಿದರು. ಅವರಲ್ಲೂ ಬರುತ್ತಿತ್ತಂತೆ. ಆರೋಗ್ಯ ಕಾರ್ಯಕರ್ತೆಯಿಂದ ಎಚ್‌ಟುಎಸ್ ಪರೀಕ್ಷೆಯ ಸಣ್ಣ ಬಾಟ್ಲಿ ತಂದು, ಬಾವಿ ನೀರು ತುಂಬಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಮಾರನೇ ಬೆಳಿಗ್ಗೆ ಅದು ಇದ್ದಿಲಿನಷ್ಟು ಕಪ್ಪಾಗಿತ್ತು. ಮಲದ ಅಂಶ ಸೇರಿದೆ ಎನ್ನುವುದರ ಗುರುತು ಅದು. ಕುಡಿಯುವ ನೀರಿನಲ್ಲಿ 100 ಮಿಲಿಲೀಟರಿಗೆ ಒಂದು ಇ-ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಕೂಡ ಇರಬಾರದು ಅನ್ನುವುದು ನಿಯಮ.

ಎಂಜಿನಿಯರ್ ಒಬ್ಬರು ಬಂದು ನೋಡಿದರು, ಪಾಪ, ಸಮಾಧಾನದಿಂದ ವಿವರಿಸಿದರು. ಮಂಗಳೂರಿನ ಯುಜಿಡಿ ಒಂದೇ ಸಲಕ್ಕೆ ಆದದ್ದಲ್ಲ. ಪೇಟೆಯ ಹಳೇ ಲೈನ್ ಒಂದು, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ (ಎಡಿಬಿ) ಸಾಲದ ಕುಡ್ಸೆಂಪ್ ಯೋಜನೆಯ ಕಾಲದ್ದು ಇನ್ನೊಂದು, ಆಮೇಲೆ ಸೇರಿದ್ದು ಮತ್ತೊಂದು. ಏರುತಗ್ಗಿನ ಊರಾದ್ದರಿಂದ ಕೊಳಚೆ ಇಳಿಜಾರಿನಲ್ಲಿ ವೆಟ್‌ವೆಲ್‌ಗೆ ಹೋಗಿ, ಅಲ್ಲಿಂದ ಪಂಪ್ ಆಗಿ ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಯ ಶುದ್ಧೀಕರಣ ಘಟಕಗಳಿಗೆ ಸೇರಬೇಕು. ನಡುವೆ ಸೇರದೆ ಉಳಿದ ತುಂಡಿಗೆ ಮಿಸ್ಸಿಂಗ್ ಲಿಂಕ್ ಅಂತಲೇ ಹೆಸರು. ನಮ್ಮ ರಸ್ತೆಯ ಕೆಳಗೆ ಮೂರನೇ ಮ್ಯಾನ್‌ಹೋಲ್‌ನ ನಂತರ ಪೈಪೇ ಇಲ್ಲ, ಬಾಯಿಗೆ ಗೋಡೆ ಕಟ್ಟಿದೆ. ಅಂದರೆ ಆ ಲೈನ್ ಇನ್ನೂ ಚಾಲೂ ಆಗಿಲ್ಲ, ಅದಕ್ಕೆ ಕನೆಕ್ಷನ್ ಕೊಡುವಂತೆಯೇ ಇರಲಿಲ್ಲ. ನನ್ನ ಹೆಸರಿನಲ್ಲಿ ಅರ್ಜಿಯೇ ಹೋಗಿಲ್ಲ. ಪಾಲಿಕೆ ಫೀಸ್ ಅಂತ ಗುತ್ತಿಗೆದಾರ ತೆಗೆದುಕೊಂಡ 9,000ಕ್ಕೆ ರಶೀದಿ ಇಲ್ಲ. ಮಾಡಿನ ಮಳೆನೀರಿನ ಪೈಪನ್ನೂ ಅದೇ ಚೇಂಬರ್‌ಗೆ ಕೊಟ್ಟಿದ್ದ. ನಮ್ಮ ಊರಿನ ಮಳೆಗೆ ಅದೊಂದೇ ಸಾಕು, ಚಾಲೂ ಇರುವ ಲೈನ್ ಕೂಡ ಉಕ್ಕುತ್ತದೆ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಲೈನ್ ಚಾಲೂ ಇದೆ ಅಂತ ಪಾಲಿಕೆ ಕಚೇರಿಯಿಂದ ಲಿಖಿತವಾಗಿ ತೆಗೆದುಕೊಳ್ಳಿ. ಕಾಗದ ಸಿಕ್ಕಿದರೂ ಕಣ್ಣಾರೆ ನೋಡಿ. ಸಂಬಂಧಪಟ್ಟ ಸಿಬ್ಬಂದಿಯನ್ನು ಕರೆಸಿ, ನಿಮ್ಮ ಮನೆಯಿಂದ ಕೆಳಗೆ ಮೂರು ನಾಲ್ಕು ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ. ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಬಕೆಟ್ ನೀರಿಗೆ ಕಲಸಿ ಮೇಲಿನದಕ್ಕೆ ಹೊಯ್ಯಿರಿ. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಕೆಳಗಿನದರಲ್ಲಿ ಹಾದು ಹೋಗಬೇಕು. ನಿಂತ ನೀರು ಕಂಡರೆ, ಅಥವಾ ಒಣಗಿ ಬಲೆ ಕಟ್ಟಿದ್ದರೆ, ದುಡ್ಡು ಬಿಚ್ಚಬೇಡಿ. ಮನೆ ರಸ್ತೆಗಿಂತ ತಗ್ಗಿದ್ದರೆ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಿಸಲೇಬೇಕು, ಇಲ್ಲದಿದ್ದರೆ ಮ್ಯಾನ್‌ಹೋಲ್ ತುಂಬಿದಾಗ ಕೊಳಚೆ ರಸ್ತೆಗಿಂತ ಮೊದಲು ನಿಮ್ಮ ಬಚ್ಚಲಿಗೆ ಬರುತ್ತದೆ. ಫೀಸನ್ನು ನೀವೇ ಕಟ್ಟಿ, ರಶೀದಿ ನಿಮ್ಮ ಹೆಸರಲ್ಲಿರಲಿ. ಪ್ಲಂಬರ್‌ಗೆ ಪರವಾನಗಿ ಇದೆಯಾ ಕೇಳಿ, ದುಡ್ಡಿನ ದೊಡ್ಡ ಪಾಲನ್ನು ಕನೆಕ್ಷನ್‌ನಲ್ಲಿ ನೀರು ಸರಿಯಾಗಿ ಹೋಗುವುದನ್ನು ನೋಡಿದ ಮೇಲೆ ಕೊಡಿ. ಮತ್ತು ಒಂದು ಮಳೆಗಾಲ ಕಳೆಯುವವರೆಗೆ ಪಿಟ್ ಜಾಗದ ಮೇಲೆ ಏನೂ ಕಟ್ಟಬೇಡಿ. ನಮ್ಮದನ್ನು ಗುತ್ತಿಗೆದಾರ ಕಟ್ಟಡದ ಕಸ ಹಾಕಿ ತುಂಬಿಸಿದ್ದ, ಆಗಸ್ಟ್‌ನಲ್ಲಿ ನೆಲ ಒಂದು ಅಡಿ ಕುಸಿಯಿತು.

ಈಗ ನಾವು ಆ ಪಿಟ್ ಅನ್ನೇ ಅಗೆದು ಸರಿಮಾಡಿಸಿ ಬಳಸುತ್ತಿದ್ದೇವೆ. ಬಾವಿಗೆ ಬ್ಲೀಚಿಂಗ್ ಹಾಕಿಸಿ ಎರಡು ಸಲ ಖಾಲಿ ಮಾಡಿಸಿದೆವು, ಆದರೂ ಕುಡಿಯಲು ನಲ್ಲಿ ನೀರೇ, ಅದೂ ಕುದಿಸಿ. ಕಂತು ಪ್ರತಿ ತಿಂಗಳು 3,022 ರೂಪಾಯಿ, ಇನ್ನೂ 27 ಬಾಕಿ ಇದೆ. ಗುತ್ತಿಗೆದಾರ ಫೋನ್ ಎತ್ತುವುದಿಲ್ಲ, ಪೊಲೀಸ್ ದೂರು ಕೊಟ್ಟಿದ್ದೇನೆ. ನಿನ್ನೆ ಗೊತ್ತಾಯಿತು, ಪಕ್ಕದ ರಸ್ತೆಯ ನಾಲ್ಕು ಮನೆಯವರು ಅವನಿಗೇ ಅಡ್ವಾನ್ಸ್ ಕೊಡಲು ಹೊರಟಿದ್ದಾರಂತೆ. ಅವರದ್ದೂ ಇದೇ ಲೈನ್. ಎಂಜಿನಿಯರಿಗೆ ಹೇಳಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಮೂರನೇ ಮ್ಯಾನ್‌ಹೋಲ್ ತೆಗೆಸುತ್ತಿದ್ದೇನೆ. ನಾಲ್ಕೂ ಮನೆಯವರಿಗೆ ಬರಲು ಹೇಳಿದ್ದೇನೆ, ಬಾಯಮ್ಮ ಕಪ್ಪಾದ ಬಾಟ್ಲಿಯನ್ನು ತರುತ್ತಾರೆ.